‘ಉಸಿರಿರುವವರೆಗೆ’: ಒಂದು ಪೆರೋಲ್ ಅರ್ಜಿಯ ಹಿಂದೆ ಅಲೆದದ್ದು

ಯಾವ ಸಜಾ ಬಂದಿಯ ಕೇಸು ಹಿಡಿದರೂ ಮೊದಲು ಕೈಗೆ ಬರುವುದು ನಾಮಿನಲ್ ರೋಲ್. ಹೆಸರು, ತಂದೆ ಹೆಸರು, ಯಾವ ಕೋರ್ಟು, ಯಾವ ಕಲಂ, ಎಷ್ಟು ವರ್ಷ ಒಳಗಿದ್ದಾನೆ, ಎಷ್ಟು ಮಾಫಿ (ಶಿಕ್ಷೆಯ ಅವಧಿಯಲ್ಲಿ ಕಡಿತ) ಗಳಿಸಿದ್ದಾನೆ, ನಡತೆ ಹೇಗಿದೆ, ಎಲ್ಲ ಅದರಲ್ಲಿರುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ಇಂಥ ಹಾಳೆಗಳನ್ನು ಸಾಕಷ್ಟು ನೋಡಿದ್ದೇನೆ. ಇದೊಂದು ಮಾತ್ರ ಬೇರೆ ಥರ ಇತ್ತು. ನಡತೆ: ತೃಪ್ತಿಕರ. ಮಾಫಿ: ಅನ್ವಯಿಸುವುದಿಲ್ಲ. ಬಿಡುಗಡೆ ದಿನಾಂಕದ ಕಾಲಂನಲ್ಲಿ ಒಂದು ಅಡ್ಡಗೆರೆ. ಬೇರೆ ಜೀವಾವಧಿ ಕೈದಿಗಳ ಹಾಳೆಯಲ್ಲಿ 14 ವರ್ಷ ತುಂಬುವ ತಾರೀಖನ್ನು ಯಾರಾದರೂ ಪೆನ್ಸಿಲಿನಲ್ಲಾದರೂ ಗೀಚಿರುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಬ್ಯಾರಕ್‌ನಲ್ಲಿ ಅವನನ್ನು ಎಲ್ಲರೂ ಟೈಲರಣ್ಣ ಅಂತಾರೆ. ಇಲ್ಲೂ ಅದೇ ಇರಲಿ. ಹೊರಗಿದ್ದಾಗ ಹೊಲ ಮಾಡುತ್ತಿದ್ದವನು, ಒಳಗೆ ಬಂದು ಹೊಲಿಗೆ ಕಲಿತ. ಆಸ್ತಿ ಪಾಲಿನ ಜಗಳದಲ್ಲಿ ದಾಯಾದಿಗಳ ಮನೆಯ ಇಬ್ಬರನ್ನು ಕೊಂದ ಕೇಸು. ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು. ಗಲ್ಲು ಶಿಕ್ಷೆ ಆದವರನ್ನು ನಮ್ಮಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳಿಸುತ್ತಾರೆ. ಅಲ್ಲಿ ಕೆಲವು ವರ್ಷ ಇದ್ದ. ಆಮೇಲೆ ಹೈಕೋರ್ಟ್ ಗಲ್ಲು ತೆಗೆದು ಜೀವಾವಧಿ ಮಾಡಿತು. ಆದೇಶದ ಕೊನೆಗೆ ಒಂದು ಸಾಲು ಸೇರಿತ್ತು: ಉಸಿರಿರುವವರೆಗೆ ಬಿಡುಗಡೆ ಇಲ್ಲ, ಯಾವ ಮಾಫಿಯೂ ಸಲ್ಲದು.

‘ನೇಣು ತಪ್ಪಿತು ಅಂತ ಆವತ್ತು ಎಲ್ರಿಗೂ ಬೆಲ್ಲ ಹಂಚಿದೆ ಮೇಡಂ. ಕೊನೇ ಸಾಲನ್ನ ಓದಿ ಹೇಳಿದ್ದು ಆಮೇಲೆ’ ಅಂದ. ಸಿಟ್ಟೇನೂ ಇರಲಿಲ್ಲ. ಸುಮ್ನೆ ನಡೆದದ್ದು ಹೇಳಿದ ಅಷ್ಟೆ.

ಅವನು ಕೇಳಿದ್ದು ಬಿಡುಗಡೆಯನ್ನಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಳು, ಜೈಲಿಗೆ ಬಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ಕೆಲವು ದಿನ ಪೆರೋಲ್ ಕೊಡಿಸಿ ಅಂದ.

ಓದುವವರಿಗೆ ಇಲ್ಲೊಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪೆರೋಲ್ ಸಿಕ್ಕಿತು ಅಂದರೆ ಉಳಿದ ಶಿಕ್ಷೆಯನ್ನು ಷರತ್ತಿನ ಮೇಲೆ ಹೊರಗೇ ಕಳೆಯಬಹುದು. ಅಲ್ಲಿ ‘ಪೆರೋಲ್ ಇಲ್ಲದ ಜೀವಾವಧಿ’ ಅಂದರೆ ಸಾಯುವ ತನಕ ಒಳಗೆ. ನಮ್ಮಲ್ಲಿ ಪೆರೋಲ್ ಅಂದರೆ ರಜೆ. ಹೋಗಿ ವಾಪಸ್ ಬರಬೇಕು. ಶಾಶ್ವತವಾಗಿ ಹೊರಗೆ ಬರುವ ಬಾಗಿಲು ಬೇರೆ. ಅದು ಮಾಫಿ, ಅವಧಿಪೂರ್ವ ಬಿಡುಗಡೆ. ಟೈಲರಣ್ಣನಿಗೆ ಕೋರ್ಟು ಮುಚ್ಚಿದ್ದು ಈ ಎರಡನೇ ಬಾಗಿಲನ್ನು. ಮೊದಲನೆಯದರ ಬಗ್ಗೆ ಅದು ಚಕಾರ ಎತ್ತಿರಲಿಲ್ಲ.

ಆದರೆ ಅರ್ಜಿ ಹಾಕಿದಾಗ ಬಂದ ಉತ್ತರದಲ್ಲಿ ಎರಡೂ ಒಂದೇ ಆಗಿತ್ತು. ಸದರಿ ಬಂದಿಗೆ ಮರಣಪರ್ಯಂತ ಶಿಕ್ಷೆ ಇರುವುದರಿಂದ ಪೆರೋಲ್ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ ಅಂತ. ಜೊತೆಗೆ ಪೊಲೀಸ್ ವರದಿಯೂ ಪ್ರತಿಕೂಲ.

ಆ ಹಿಂಬರಹ, ಅಂದರೆ ಲಿಖಿತ ಉತ್ತರ, ತರಲು ಹೋದಾಗ ಕಚೇರಿಯಲ್ಲಿದ್ದ ಹಿರಿಯ ಗುಮಾಸ್ತರು ನನ್ನನ್ನೇ ಕೇಳಿದರು. ‘ಮೇಡಂ, ಸರ್ವಿಸ್ ಪೂರಾ ಇಲ್ಲೇ ಆಯ್ತು ನಂದು. ದಂಡ ಸಂಹಿತೆಯ ಕೊಲೆ ಕಲಂನಲ್ಲಿ ಈ ಥರದ ಶಿಕ್ಷೆ ಇಲ್ವಲ್ಲ. ಎಲ್ಲಿಂದ ಬಂತು ಇದು?’

ಒಳ್ಳೆ ಪ್ರಶ್ನೆ. ಉತ್ತರ ಬೆಂಗಳೂರಿನಲ್ಲೇ ಇದೆ, ರಿಚ್ಮಂಡ್ ರೋಡಿನಲ್ಲಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಾಣೆಯಾದರು. 1994ರಲ್ಲಿ ಅವರದೇ ಮನೆಯ ಆವರಣದಲ್ಲಿ, ಹೂತಿಟ್ಟಿದ್ದ ಪೆಟ್ಟಿಗೆಯಲ್ಲಿ ಅವರ ಶವದ ಅವಶೇಷ ಸಿಕ್ಕಿತು. ಎರಡನೇ ಗಂಡ ಸ್ವಾಮಿ ಶ್ರದ್ಧಾನಂದನೇ ಕೊಂದಿದ್ದ. ನನ್ನ ವಯಸ್ಸಿನವರಿಗೆ ಆ ಸುದ್ದಿ ಓದಿದ ನೆನಪು ಇದ್ದೇ ಇರುತ್ತೆ. 2005ರಲ್ಲಿ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು, ಅದೇ ವರ್ಷ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟಿನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ. ಒಬ್ಬರು ಗಲ್ಲು ಅಂದರು, ಇನ್ನೊಬ್ಬರು ಸಾಯುವ ತನಕ ಜೈಲು ಅಂದರು. ಕೊನೆಗೆ 2008ರ ಜುಲೈ 22ರಂದು ಮೂವರ ಪೀಠ ತೀರ್ಪು ಕೊಟ್ಟಿತು: ಗಲ್ಲು ಬೇಡ, ಆದರೆ ಬದುಕಿರುವ ತನಕ ಬಿಡುಗಡೆ ಮಾಡಬಾರದು.

ಕಾರಣ ಸರಳ. ಜೀವಾವಧಿ ಅಂದರೆ ಇಡೀ ಜೀವಮಾನ ಅಂತ 1961ರಲ್ಲೇ ಗೋಪಾಲ ಗೋಡ್ಸೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ನಿಜದಲ್ಲಿ ಸರ್ಕಾರ 14 ವರ್ಷ ತುಂಬಿದ ಮೇಲೆ ಮಾಫಿ ಕೊಟ್ಟು ಬಿಡುತ್ತಿತ್ತು. ಗಲ್ಲಿಗೂ 14 ವರ್ಷಕ್ಕೂ ನಡುವೆ ದೊಡ್ಡ ಕಂದಕ. 14 ವರ್ಷ ಏನೇನೂ ಸಾಲದು ಅನ್ನಿಸಿದಾಗ ಜಡ್ಜುಗಳು ಬೇರೆ ದಾರಿಯಿಲ್ಲದೆ ಗಲ್ಲಿಗೆ ಕೈಹಾಕಬೇಕಾಗುತ್ತೆ. ಆ ಕಂದಕ ತುಂಬಲು ಹುಟ್ಟಿದ್ದು ಈ ಶಿಕ್ಷೆ. ಒಂದು ರೀತಿಯಲ್ಲಿ ಜೀವ ಉಳಿಸಲು ಹುಟ್ಟಿದ್ದೇ. ಗಲ್ಲು ಬೇಡ ಅನ್ನುವವರಲ್ಲಿ ಎಷ್ಟೋ ಜನ ಆಗ ಇದನ್ನು ಸ್ವಾಗತಿಸಿದರು. ನನಗೂ ಓದುವ ಕಾಲದಲ್ಲಿ ಅದು ಒಳ್ಳೆ ತೀರ್ಪು ಅನ್ನಿಸಿತ್ತು.

ಗುಮಾಸ್ತರಿಗೆ ಇಷ್ಟನ್ನೂ ಹೇಳಿದೆ. ‘ಹಂಗಾದ್ರೆ ನಮ್ಮೂರಿಂದಲೇ ಶುರುವಾಗಿದ್ದು ಅನ್ನಿ’ ಅಂತ ಸ್ವಲ್ಪ ಹೆಮ್ಮೆಯಲ್ಲೇ ಅಂದು ಚಹಾ ತರಿಸಿದರು.

ಪೊಲೀಸ್ ವರದಿ ಓದಿದ್ದು ಆಮೇಲೆ. ಇಂಥ ವರದಿಗಳಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತೆ: ಶಾಂತಿಭಂಗವಾಗುವ ಸಾಧ್ಯತೆ ಇದೆ. ಅಚ್ಚು ಹಾಕಿಟ್ಟ ಹಾಗೆ. ಇದರಲ್ಲಿ ಜೊತೆಗೆ ಸತ್ತವರ ಅಣ್ಣನ ಹೇಳಿಕೆಯೂ ಇತ್ತು, ಕೈಬರಹದಲ್ಲಿ. ‘ಅವನ ಮನೆಗೂ ನಮ್ಮ ಮನೆಗೂ ನಡುವೆ ಎರಡು ಓಣಿ. ನನ್ನ ತಮ್ಮನ ಮಗಳು ಆಗ ನಾಲ್ಕನೇ ಕ್ಲಾಸು. ಈಗ ಅವಳ ಮದುವೆ ಮಾತು ನಡೆದಿದೆ. ಅವನು ಊರಿಗೆ ಬಂದರೆ ಬರುವ ಸಂಬಂಧವೂ ಹಿಂದೆ ಸರಿಯುತ್ತದೆ. ಅವನು ಬರುವ ಹಾಗಿದ್ದರೆ ಮೊದಲೇ ತಿಳಿಸಿ, ನಾವೇ ಊರು ಬಿಡುತ್ತೇವೆ.’ ಕೆಳಗೆ ಸಹಿ, ಪಕ್ಕದಲ್ಲಿ ಹೆಬ್ಬೆಟ್ಟು ಕೂಡ. ಎರಡೂ ಯಾಕೆ ಹಾಕಿಸಿದರೋ.

ಆ ಹಾಳೆ ಓದಿ ಸ್ವಲ್ಪ ಹೊತ್ತು ನನಗೆ ಮುಂದೆ ಏನೂ ಬರೆಯಲಾಗಲಿಲ್ಲ. ಕೈದಿಯ ಪರ ನಿಲ್ಲುವವರು ಈ ಹಾಳೆಯನ್ನು ಫೈಲಿನ ಅಡಿಗೆ ತಳ್ಳುವುದು ರೂಢಿ. ನನಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಆ ಅಣ್ಣ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲವಲ್ಲ. ಆದರೆ ಸರಿಯಾಗಿ ಓದಿದರೆ ಅವರು ಕೇಳಿದ್ದು ಇವನು ಊರಿಗೆ ಬರಬಾರದು ಅಂತ. ಅಮ್ಮನ ಮುಖ ನೋಡಬಾರದು ಅಂತಲ್ಲ. ಅಮ್ಮ ಆಗ ಇದ್ದದ್ದು ಬೇರೆ ತಾಲೂಕಿನಲ್ಲಿ, ಮಗಳ ಮನೆಯಲ್ಲಿ. ವರದಿ ಬರೆದ ಠಾಣೆಯವರು ಅದನ್ನು ವಿಚಾರಿಸಿರಲೇ ಇಲ್ಲ.

ಹೈಕೋರ್ಟಿಗೆ ರಿಟ್ ಹಾಕಿದೆವು. ಕೈಯಲ್ಲಿ ಮುಖ್ಯವಾಗಿ ಎರಡು ತೀರ್ಪು. ಒಂದು 2017ರ ಅಶ್ಫಾಕ್ ಕೇಸು. ಜೀವಾವಧಿ ಕೈದಿಗೂ ಪೆರೋಲ್ ಯಾಕೆ ಬೇಕು, ಮನೆಯವರ ಜೊತೆಗಿನ ನಂಟು ಕಡಿದು ಹೋಗದಿರುವುದು ಎಷ್ಟು ಮುಖ್ಯ ಅಂತ ಸುಪ್ರೀಂ ಕೋರ್ಟ್ ವಿವರಿಸಿದ ತೀರ್ಪು ಅದು. ಇನ್ನೊಂದು ದೆಹಲಿಯ ಅತ್ಬೀರ್ ಕೇಸು, 2022ರದ್ದು. ಅದು ನಮ್ಮ ಕೇಸಿಗೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಅವನ ಗಲ್ಲನ್ನು ರಾಷ್ಟ್ರಪತಿಗಳು 2012ರಲ್ಲಿ ಜೀವಾವಧಿಗೆ ಇಳಿಸಿದ್ದರು. ಷರತ್ತು: ಉಳಿದ ಬದುಕೆಲ್ಲ ಜೈಲು, ಪೆರೋಲ್ ಇಲ್ಲ, ಮಾಫಿ ಇಲ್ಲ. ಅಂಥವನಿಗೂ ಸನ್ನಡತೆ ಇದ್ದರೆ ಫರ್ಲೋ (ಒಳ್ಳೆ ನಡತೆಗೆ ಸಿಗುವ ಅಲ್ಪಕಾಲದ) ರಜೆಯ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮಾಫಿ ಸಿಗದವನು ಚೆನ್ನಾಗಿ ನಡೆದುಕೊಂಡು ಏನು ಪ್ರಯೋಜನ ಅನ್ನುವ ವಾದವನ್ನು ಒಪ್ಪಲಿಲ್ಲ.

ಸರ್ಕಾರಿ ವಕೀಲರು ಅದು ದೆಹಲಿಯ ನಿಯಮ, ನಮ್ಮದು ಬೇರೆ ಅಂದರು. ನಮ್ಮ ನಿಯಮದಲ್ಲಿ ಇಂಥವರಿಗೆ ಪೆರೋಲ್ ನಿಷೇಧ ಅಂತ ಎಲ್ಲಿದೆ ತೋರಿಸಿ ಅಂತ ನ್ಯಾಯಮೂರ್ತಿಗಳು ಕೇಳಿದರು. ಅವರು ಪುಟ ತಿರುವಿದರು. ಮುಂದಿನ ವಾರಕ್ಕೆ ಹಾಕಿ ಅಂದರು. ಮುಂದಿನ ವಾರ ಮತ್ತೆ ಮುಂದಿನ ವಾರಕ್ಕೆ ಹೋಯಿತು. ಕೋರ್ಟು ಬಲ್ಲವರಿಗೆ ಇದೆಲ್ಲ ಹೊಸದೇನಲ್ಲ, ಬಿಡಿ. ಕೊನೆಗೆ ಹಿಂಬರಹ ರದ್ದಾಯಿತು. ತಂಗಿ ಇರುವ ಊರಿನ ಠಾಣೆಯಿಂದ ಹೊಸ ವರದಿ ತರಿಸಿ ಮತ್ತೆ ನಿರ್ಧರಿಸಿ ಅಂತ ಆದೇಶ ಬಂತು. ಪೆರೋಲ್ ಸಿಕ್ಕಿತು. 15 ದಿನ. ಸ್ವಂತ ಊರಿನ ಹೋಬಳಿಗೆ ಕಾಲಿಡಬಾರದು, ದಿನಾ ಠಾಣೆಗೆ ಹೋಗಿ ಸಹಿ ಹಾಕಬೇಕು, ಇಬ್ಬರು ಜಾಮೀನುದಾರರು ಬೇಕು. ಆ ಇಬ್ಬರನ್ನು ಹುಡುಕಲು ತಂಗಿ ಪಟ್ಟ ಪಾಡು ಬರೆಯಲು ಹೊರಟರೆ ಇನ್ನೊಂದು ಲೇಖನವೇ ಆಗುತ್ತೆ.

ಹೋಗಿ ಬಂದ. ಅಮ್ಮನಿಗೆ ಎರಡು ರವಿಕೆ ಹೊಲಿದುಕೊಟ್ಟನಂತೆ. ಅವಳ ತೋಳು ಎಷ್ಟು ಸಣ್ಣಗಾಗಿದೆ ಅಂತ ತನ್ನ ಬೆರಳಲ್ಲೇ ಸುತ್ತಿ ತೋರಿಸಿದ. ಠಾಣೆಯಲ್ಲಿ ಪ್ರತಿ ಸಹಿಗೂ ಒಂದು ಚೀಟಿ ಬರೆದುಕೊಡಿ ಅಂತ ಪಟ್ಟು ಹಿಡಿದಿದ್ದ. ಪುಸ್ತಕದಲ್ಲಿ ಇದೆಯಲ್ಲಯ್ಯಾ ಅಂತ ಅಲ್ಲಿಯ ಕಾನ್‌ಸ್ಟೆಬಲ್ ನಕ್ಕಿದ್ದಾರೆ. ಇವನು ಬಿಟ್ಟಿಲ್ಲ. ಕೊನೆಗೆ ಅವರು ಬಸ್ ಟಿಕೆಟಿನ ಹಿಂದೆ, ಕ್ಯಾಲೆಂಡರಿನ ಹಾಳೆಯಲ್ಲಿ, ಸಿಕ್ಕಿದ್ದರಲ್ಲೆಲ್ಲ ಬರೆದು ಸೀಲು ಹೊಡೆದುಕೊಟ್ಟಿದ್ದಾರೆ. ಅಷ್ಟನ್ನೂ ದಾರದಲ್ಲಿ ಪೋಣಿಸಿ ತಂದು ನನ್ನ ಕೈಗಿಟ್ಟ. ‘ಮುಂದೆ ಯಾವತ್ತಾದ್ರೂ ಯಾರಾದ್ರೂ ನನ್ನ ವಿಷಯ ನೋಡ್ತಾರಲ್ಲ ಮೇಡಂ, ಆವಾಗ ಬೇಕಾಗುತ್ತೆ.’

ಮುಂದೆ ಯಾವತ್ತಾದರೂ ಯಾರಾದರೂ ನೋಡ್ತಾರೆ. ನಮ್ಮ ಕಾನೂನಿನಲ್ಲಿ ಆ ಯಾರಾದರೂ ಯಾರು ಅಂತ ಹುಡುಕಲು ಕೂತೆ.

ಸಾಮಾನ್ಯ ಜೀವಾವಧಿ ಕೈದಿಗೆ ಆ ದಾರಿ ಇದೆ. 14 ವರ್ಷ ತುಂಬಿದ ಮೇಲೆ ಹೆಸರು ಸಮಿತಿಯ ಮುಂದೆ ಹೋಗುತ್ತೆ. ಅಲ್ಲಿಂದ ಸಚಿವ ಸಂಪುಟ, ಅಲ್ಲಿಂದ ರಾಜ್ಯಪಾಲರು. ಜನವರಿ 26 ಅಥವಾ ಆಗಸ್ಟ್ 15ರ ಹೊತ್ತಿಗೆ ‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಅಂತ ಪತ್ರಿಕೆಯಲ್ಲಿ ಫೋಟೊ ಬರುತ್ತಲ್ಲ, ಅದೇ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯದಲ್ಲಿ ಬಿಡುಗಡೆ ನೀತಿ ಇದ್ದರೆ ಕೈದಿ ಅರ್ಜಿ ಹಾಕಲಿ ಬಿಡಲಿ, ಅರ್ಹನಾದವನ ಹೆಸರನ್ನು ಸರ್ಕಾರವೇ ಪರಿಗಣಿಸಬೇಕು ಅಂದಿತು. ಓದಿ ಖುಷಿಯಾಯಿತು. ಆದರೆ ಟೈಲರಣ್ಣ ಆ ‘ಅರ್ಹ’ರ ಸಾಲಿನಲ್ಲೇ ಇಲ್ಲ. ಇವತ್ತು ಇಲ್ಲ, ಎಪ್ಪತ್ತು ವರ್ಷ ಆದಾಗಲೂ ಇಲ್ಲ.

ಅವನಿಗೆ ಉಳಿದಿರುವುದು ಸಂವಿಧಾನದ 161ನೇ ವಿಧಿ. ರಾಜ್ಯಪಾಲರ ಕ್ಷಮಾದಾನ. 2015ರ ಡಿಸೆಂಬರ್ 2ರಂದು ಶ್ರೀಹರನ್ ಕೇಸಿನಲ್ಲಿ, ಅಂದರೆ ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳ ಕೇಸಿನಲ್ಲಿ, ಐವರ ಪೀಠ ಈ ಶಿಕ್ಷೆಯನ್ನೇ ಪರೀಕ್ಷೆಗೆ ಒಡ್ಡಿತ್ತು. ಮೂವರು ಎತ್ತಿಹಿಡಿದರು. ಹೈಕೋರ್ಟ್, ಸುಪ್ರೀಂ ಕೋರ್ಟ್ ಇಂಥ ಶಿಕ್ಷೆ ಕೊಡಬಹುದು, ಆದರೆ ರಾಷ್ಟ್ರಪತಿ ಮತ್ತು ರಾಜ್ಯಪಾಲರ ಅಧಿಕಾರವನ್ನು ಇದು ಮುಟ್ಟುವುದಿಲ್ಲ ಅಂದರು. ಇಬ್ಬರು ಒಪ್ಪಲಿಲ್ಲ. ಶಾಸನದಲ್ಲಿ ಇಲ್ಲದ ಶಿಕ್ಷೆಯನ್ನು ಕೋರ್ಟು ಹುಟ್ಟುಹಾಕುವ ಹಾಗಿಲ್ಲ, ಮಾಫಿ ಕೊಡುವ ಬಿಡುವ ಕೆಲಸ ಸರ್ಕಾರದ್ದು ಅಂದರು. ನಮ್ಮ ಗುಮಾಸ್ತರ ಪ್ರಶ್ನೆಯನ್ನೇ ಆ ಇಬ್ಬರು ನ್ಯಾಯಮೂರ್ತಿಗಳೂ ಕೇಳಿದ್ದು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಶಿಕ್ಷೆ ಉದ್ದವಾಯಿತು ಅನ್ನುವುದು ನನ್ನ ತಕರಾರಲ್ಲ. ಇಬ್ಬರನ್ನು ಕೊಂದವನು ಮೂವತ್ತು ವರ್ಷ ಒಳಗಿದ್ದರೆ ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಸಾಯುವ ತನಕ ಇರಬೇಕಾಗಿ ಬಂದರೂ, ಪ್ರತಿ ಸಲ ಯಾರೋ ಅವನನ್ನು ನೋಡಿ, ಕಾರಣ ಕೊಟ್ಟು, ಇಲ್ಲ ಅಂದಿದ್ದರೆ ಸರಿ. ಯಾರೂ ನೋಡಬೇಕಾಗಿಯೇ ಇಲ್ಲ ಅನ್ನುವುದು ತಪ್ಪು. ಜೈಲಿನಲ್ಲಿ ಅವನ ನಡತೆಯನ್ನು ಬರೆದಿಡುತ್ತಲೇ ಇರುತ್ತಾರೆ. ಓದುವ ಹೊಣೆ ಯಾರಿಗೂ ಇಲ್ಲ. 21ನೇ ವಿಧಿಯ ಜೀವದ ಹಕ್ಕು ಕೈದಿಗೂ ಇದೆ ಅಂತ ನಾವು ಹೇಳುತ್ತೇವಲ್ಲ, ಒಬ್ಬ ಮನುಷ್ಯ ಬದಲಾಗಬಹುದು ಅನ್ನುವುದನ್ನೇ ಲೆಕ್ಕದಿಂದ ತೆಗೆದರೆ ಆ ಹಕ್ಕಿನಲ್ಲಿ ಉಳಿಯುವುದು ಊಟ, ಚಾಪೆ, ಡಾಕ್ಟರು ಮಾತ್ರ.

ಹೊರಗಿನ ಕೋರ್ಟುಗಳು ಇದನ್ನೇ ಹಿಡಿದುಕೊಂಡಿವೆ. 1977ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಜೀವಾವಧಿ ಶಿಕ್ಷೆಯನ್ನು ಉಳಿಸಿತು. ಆದರೆ ಮುಂದೊಂದು ದಿನ ಹೊರಬರುವ ನಿಜವಾದ ಅವಕಾಶ ಇರಲೇಬೇಕು, ಅದು ಕ್ಷಮಾದಾನದ ಕೃಪೆಗೆ ಬಿಟ್ಟ ವಿಷಯವಾಗಬಾರದು, ಇಲ್ಲದಿದ್ದರೆ ಮನುಷ್ಯನ ಘನತೆಗೆ ಅರ್ಥವಿಲ್ಲ ಅಂದಿತು. ಆಮೇಲೆ ಅಲ್ಲಿ 15 ವರ್ಷಕ್ಕೆ ಕೋರ್ಟೇ ನೋಡುವ ಕಾನೂನು ಬಂತು. 2013ರಲ್ಲಿ ಬ್ರಿಟನ್ನಿನ ಮೂವರು ಕೊಲೆ ಅಪರಾಧಿಗಳು ಹಾಕಿದ್ದ ವಿಂಟರ್ ಕೇಸಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದನ್ನೇ ಹೇಳಿತು. ಮೂವರಿಗೂ ಬಿಡುಗಡೆ ಸಿಗಲಿಲ್ಲ, ಅವರು ಅದನ್ನು ಕೇಳಿರಲೂ ಇಲ್ಲ. ಯಾವಾಗ, ಯಾವ ಅಳತೆಗೋಲಿನಲ್ಲಿ ನಮ್ಮನ್ನು ಮತ್ತೆ ನೋಡುತ್ತೀರಿ ಅಂತ ಶಿಕ್ಷೆಯ ಮೊದಲ ದಿನವೇ ತಿಳಿದಿರಬೇಕು ಅನ್ನುವುದು ಅವರ ಹಕ್ಕು ಅಂತ ಕೋರ್ಟು ಒಪ್ಪಿತು. ಹೆಚ್ಚೆಂದರೆ 25 ವರ್ಷದೊಳಗೆ ಒಮ್ಮೆ ನೋಡುವ ಏರ್ಪಾಡಿನತ್ತ ಬೊಟ್ಟು ಮಾಡಿತು.

161 ಇದೆಯಲ್ಲ, ಅದು ಸಾಲದೇ ಅಂತ ನನ್ನ ಸೀನಿಯರ್ ಕೇಳಿದರು. ಇದೆ ನಿಜ. ಆದರೆ ಅದಕ್ಕೆ ಗಡುವಿಲ್ಲ, ಮಾನದಂಡವಿಲ್ಲ. ರಾಜ್ಯಪಾಲರು ನಡೆಯಬೇಕಾದದ್ದು ಸಂಪುಟದ ಸಲಹೆಯಂತೆ. ರಾಜೀವ್ ಹತ್ಯೆ ಕೇಸಿನ ಅಪರಾಧಿ ಪೇರರಿವಾಳನ್ ವಿಷಯದಲ್ಲಿ ತಮಿಳುನಾಡು ಸಂಪುಟ 2018ರಲ್ಲೇ ಶಿಫಾರಸು ಮಾಡಿದ್ದರೂ ಫೈಲು ವರ್ಷಗಟ್ಟಲೆ ಕೂತಿತ್ತು. 2022ರಲ್ಲಿ ಸುಪ್ರೀಂ ಕೋರ್ಟೇ ಬಿಡುಗಡೆ ಮಾಡಬೇಕಾಯಿತು. ಅವನ ಹಿಂದೆ ಒಂದು ರಾಜ್ಯವೇ ನಿಂತಿತ್ತು. ಟೈಲರಣ್ಣನ ಹಿಂದೆ ತಂಗಿ, ಎರಡು ಶ್ಯೂರಿಟಿ, ನಾನು. ಹೇಳುವವರಿದ್ದರೆ ಸಂಪುಟದ ತನಕ ಹೋಗುವ, ಇಲ್ಲದಿದ್ದರೆ ಕಪಾಟಿನಲ್ಲೇ ಉಳಿಯುವ ಹಕ್ಕು 14ನೇ ವಿಧಿಯ ಸಮಾನತೆಗೆ ಹೇಗೆ ಹೊಂದುತ್ತೆ? ಸೀನಿಯರ್ ಉತ್ತರ ಕೊಡಲಿಲ್ಲ. ‘ಇದನ್ನೇ ಗ್ರೌಂಡ್ಸ್‌ನಲ್ಲಿ ಬರಿ’ ಅಂದರು.

ಒಂದು ಮಾತು ಒಪ್ಪಲೇಬೇಕು. ಕೋರ್ಟುಗಳ ಕೈಯಲ್ಲಿ ಇನ್ನೊಂದು ದಾರಿ ಇದೆ, ಅದನ್ನು ಅವು ಬಳಸುತ್ತಲೂ ಇವೆ. ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿಯ ಮೇಲೆ 2005ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆ ಕೇಸಿನಲ್ಲಿ ಕ್ಯಾಬ್ ಡ್ರೈವರನಿಗೆ ಸಾಯುವ ತನಕ ಅಂತಿದ್ದ ಶಿಕ್ಷೆಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ 30 ವರ್ಷ ಮಾಡಿತು. ಮಾಫಿ ಇಲ್ಲದ 30 ವರ್ಷ. ಕಡಿಮೆಯೇನಲ್ಲ. ಆದರೆ ಅದಕ್ಕೊಂದು ಕೊನೆ ಇದೆ. ಎರಡು ಕೇಸು, ಎರಡೂ ಘೋರ. ಒಬ್ಬನಿಗೆ ಸಂಖ್ಯೆ, ಇನ್ನೊಬ್ಬನಿಗೆ ಅಡ್ಡಗೆರೆ. ಯಾವ ಪೀಠದ ಮುಂದೆ ಬಂತು ಅನ್ನುವುದರ ಮೇಲೆ ಹೋಗುತ್ತಾ ಇದು?

ಮನೆಯಲ್ಲಿ ನಮ್ಮತ್ತೆ ಕೇಳಿದ್ದು ಇದಕ್ಕಿಂತ ನೇರ. ‘ಸತ್ತವರಿಗೆ ಯಾರಮ್ಮ ಪೆರೋಲ್ ಕೊಡ್ತಾರೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಶ್ರೀಹರನ್ ಕೇಸಿನ ಬಹುಮತದ ತೀರ್ಪಿನಲ್ಲೂ ಇದೇ ದನಿ ಇದೆ. ನನಗೆ ಅನ್ನಿಸುವುದು ಇಷ್ಟೆ: ಮತ್ತೆ ನೋಡುವ ದಿನ ಸತ್ತವರ ಮನೆಯವರೂ ಬಂದು ಕೂರಲಿ, ಅವರ ಮಾತೂ ದಾಖಲಾಗಲಿ. ಈಗಿನ ಕತ್ತಲಲ್ಲಿ ಅವರಿಗೂ ಏನೂ ಗೊತ್ತಾಗುವುದಿಲ್ಲ ಅಲ್ವಾ?

161ರ ಅರ್ಜಿ ಬರೆಯುವಾಗ ಹಾಗೇ ಮಾಡಿದೆವು. ನಾಮಿನಲ್ ರೋಲ್, ಹೊಲಿಗೆ ಘಟಕದ ಪ್ರಮಾಣಪತ್ರ, ಪೆರೋಲ್ ಮುಗಿಸಿ ಸರಿಯಾದ ದಿನ ಹಿಂದಿರುಗಿದ ದಾಖಲೆ, ದಾರದಲ್ಲಿ ಪೋಣಿಸಿದ ಚೀಟಿಗಳ ನಕಲು. ಅವುಗಳ ಜೊತೆ ಸತ್ತವರ ಅಣ್ಣನ ಹೇಳಿಕೆಯನ್ನೂ ನಾವೇ ಲಗತ್ತಿಸಿದೆವು. ಟೈಲರಣ್ಣನನ್ನು ಕೇಳಿಯೇ ಹಾಕಿದ್ದು. ‘ಹಾಕಿ, ಅವರು ಹೇಳೋದು ಸರಿನೇ ಇದೆ’ ಅಂದ. ಕೋರಿಕೆಯಲ್ಲಿ ಬಿಡುಗಡೆ ಮಾಡಿ ಅಂತ ಬರೆಯಲಿಲ್ಲ. 25 ವರ್ಷ ತುಂಬಿದಾಗ ಈ ಕೈದಿಯನ್ನು ಒಮ್ಮೆ ಪರಿಶೀಲಿಸಬೇಕು, ಏನೇ ನಿರ್ಧರಿಸಿದರೂ ಕಾರಣ ಬರೆದು ತಿಳಿಸಬೇಕು ಅಂತ ಈಗಲೇ ಆದೇಶಿಸಿ ಅಂತ ಬರೆದೆವು.

ಜೈಲಿನ ಮೂಲಕ ಹೋದ ಅರ್ಜಿ ಒಂದು ಪ್ರಶ್ನೆ ಹೊತ್ತು ವಾಪಸ್ ಬಂತು. ಮಾಫಿ ಇಲ್ಲದ ಶಿಕ್ಷೆ ಆಗಿರುವುದರಿಂದ ಯಾವ ಅವಕಾಶದಡಿ ಪರಿಗಣಿಸಬೇಕು, ಸ್ಪಷ್ಟಪಡಿಸಿ ಅಂತ. ಶ್ರೀಹರನ್ ತೀರ್ಪಿನ ಆ ಭಾಗಕ್ಕೆ ಗುರುತು ಹಾಕಿ ಮತ್ತೆ ಕಳಿಸಿದ್ದೇನೆ. ಹಿರಿಯ ಗುಮಾಸ್ತರು ಫೋನ್ ಮಾಡಿ, ಫೈಲು ಮೇಲೆ ಹೋಗಿದೆ, ನಂಬರ್ ಬರ್ಕೊಳ್ಳಿ ಅಂದರು. ತೀರ್ಮಾನಕ್ಕೆ ಗಡುವು ಹಾಕಿ ಅಂತ ಕೇಳುವ ರಿಟ್ಟಿನ ಕರಡು ಮೇಜಿನ ಮೇಲಿದೆ. ಈ ನಡುವೆ ಎರಡನೇ ಪೆರೋಲಿಗೂ ಅರ್ಜಿ ಹಾಕಿದ್ದೇವೆ. ಈ ಸಲ ಪೊಲೀಸ್ ವರದಿ ಬೇಗ ಬಂತು. ಆಕ್ಷೇಪಣೆ ಇಲ್ಲ ಅಂತಿದೆ.